ಪುಕ್ಕಲಿ ಹೊಲಿದ ಬೆಲ್ಟು

ಹುಟ್ಟಿದ ಮನೆಯಲ್ಲಿ ಅವಳನ್ನು ಎಲ್ಲರೂ ಪುಕ್ಕಲಿ ಎಂದೇ ಕರೆಯುತ್ತಿದ್ದರು. ಗಾಳಿಗೆ ಬಾಗಿಲು ಬಡಿದುಕೊಂಡರೆ ಅವಳ ಎದೆಯೂ ಬಡಿದುಕೊಳ್ಳುತ್ತಿತ್ತು. ಏಣಿಯ ಮೊದಲ ಮೆಟ್ಟಿಲು ಹತ್ತಿದವಳಲ್ಲ, ಬಾವಿಯೊಳಗೆ ಬಗ್ಗಿ ನೋಡಿದವಳಲ್ಲ. ಅಂಥವಳನ್ನು ಎತ್ತರದ ಕಂಬಗಳಿಗೆ ಬಣ್ಣ ಬಳಿಯುವವನಿಗೆ ಕೊಟ್ಟು ಮದುವೆ ಮಾಡಿದರು. ಹುಡುಗನಿಗೆ ಏನು ಕೆಲಸ ಎಂದು ಅವಳು ಕೇಳಿದಾಗ ಅಪ್ಪ "ಬಣ್ಣದ ಕೆಲಸ" ಎಂದಷ್ಟೇ ಹೇಳಿದ್ದ. ಬಣ್ಣ ಯಾವುದಕ್ಕೆ ಬಳಿಯುತ್ತಾನೆ ಎಂದು ಕೇಳಬೇಕೆಂದು ಅವಳಿಗೂ ಹೊಳೆದಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಊಟದ ಡಬ್ಬಿ ಕೊಡಲು ಹೋದಾಗ ಗೊತ್ತಾಯಿತು. ಆಟದ ಮೈದಾನದ ಮೂಲೆಯಲ್ಲಿ ದೊಡ್ಡ ದೀಪದ ಕಂಬ. ಅದರ ನೆತ್ತಿಯ ಹತ್ತಿರ, ಕಾಗೆಯಷ್ಟು ಚಿಕ್ಕದಾಗಿ, ಅವಳ ಗಂಡ. ಅವನ ಜೊತೆ ಕೆಲಸ ಮಾಡುವ, ಕುಳ್ಳ ಎಂದು ಎಲ್ಲರೂ ಕರೆಯುವ ಹುಡುಗ ಕೆಳಗಿನಿಂದ "ಅಣ್ಣಾ, ಅತ್ತಿಗೆ ಬಂದ್ರು!" ಎಂದು ಕೂಗಿದ. ಗಂಡ ಎರಡೂ ಕೈ ಬಿಟ್ಟ. ಪೂರ್ತಿ ಮೈಯನ್ನು ಸೊಂಟದ ಬೆಲ್ಟಿನ ಮೇಲೆ ಹಾಕಿ ಹಿಂದಕ್ಕೆ ವಾಲಿ, ತಲೆ ಕೆಳಗೆ ಮಾಡಿ, ಎರಡೂ ಕೈ ಬೀಸಿದ. ಡಬ್ಬಿ ಅವಳ ಕೈಯಿಂದ ಜಾರಿತು.

ಅವನು ಇಳಿದು ಬಂದು ನಕ್ಕ. "ಬೆಲ್ಟಿದೆ ಕಣೇ. ಅಪ್ಪ ಹೊಲಿದದ್ದು. ಬೇಕಾದ್ರೆ ಅದರಲ್ಲೇ ಒಂದು ನಿದ್ದೆ ತೆಗೀಬಹುದು."

ಆ ದಿನದಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಗಂಡ ಮನೆಬಿಟ್ಟರೆ ಜೀವ ಕೈಯಲ್ಲಿ, ಮರಳಿ ಬಂದರೆ ಜೀವ ಎದೆಯಲ್ಲಿ. ಮಾವನದು ಚರ್ಮದ ಕೆಲಸ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಚೀಲ, ಪಟ್ಟಿ, ಕೇಳಿದ್ದೆಲ್ಲ ಮಾಡುತ್ತಿದ್ದರು, ಆದರೆ ಅವರು ಹೆಸರಾಗಿದ್ದು ಕಂಬ ಹತ್ತುವವರ ಬೆಲ್ಟಿಗೆ. ಮಗನಿಗೆ ಕೂತು ಮಾಡುವ ಕೆಲಸ ಹಿಡಿಸಲಿಲ್ಲ. "ಕೋತಿ ನನ್ಮಗ, ಚರ್ಮ ಬಿಟ್ಟು ಕಂಬ ಹಿಡಿದ" ಎಂದು ಬೈದುಕೊಂಡೇ ಅವನಿಗೂ ಬೆಲ್ಟು ಹೊಲಿದುಕೊಟ್ಟಿದ್ದರು.

ಒಂದು ದಿನ ಅವಳು ತಡೆಯಲಾರದೆ ಕೇಳಿದಳು. "ಮಾವ, ಆ ಬೆಲ್ಟು ಕಿತ್ತುಹೋಗಲ್ವಾ?"

ಮಾವ ತಲೆ ಎತ್ತದೆ, "ಬಾ, ಇಲ್ಲಿ ಕೂತ್ಕೋ. ಹೇಗೆ ಮಾಡ್ತೀನಿ ಅಂತ ನೋಡು. ಎಲ್ಲಿ ಕಿತ್ತುಹೋಗುತ್ತೆ ಅಂತ ಆಮೇಲೆ ನೀನೇ ಹೇಳು" ಎಂದರು.

ಹೀಗೆ ಅವಳು ಕೂತದ್ದು ಕೆಲಸ ಕಲಿಯುವುದಕ್ಕಲ್ಲ, ಭಯಕ್ಕೆ. ನೋಡುತ್ತ ನೋಡುತ್ತ ಕೈಗೆ ಕೆಲಸ ಬಂತು. ಅತ್ತೆ ದಾರಕ್ಕೆ ಮೇಣ ಹಿಡಿಸುವುದನ್ನು ಹೇಳಿಕೊಟ್ಟರು. ಮೇಣದ ಉಂಡೆಯ ಮೇಲೆ ದಾರವನ್ನು ಎಳೆದಾಗ ಅದು ಕಿರುಗುಟ್ಟಬೇಕು, ಸದ್ದಿಲ್ಲದೆ ಜಾರಿದರೆ ಮೇಣ ಹತ್ತಿಲ್ಲ ಎಂದು ಅರ್ಥ. ಮಾವ ಚರ್ಮವನ್ನು ನೆಲದ ಮೇಲೆ ಹಾಸಿ, ಪ್ರಾಣಿಯೇ ಎದುರಿಗೆ ಮಲಗಿದೆಯೇನೋ ಎಂಬಂತೆ ಅದರ ಮೇಲೆ ಕೈಯಾಡಿಸಿ ತೋರಿಸುತ್ತಿದ್ದರು. "ಇದು ಬೆನ್ನು. ಇಲ್ಲಿ ಎಳೆ ಒತ್ತಾಗಿದೆ. ಇದು ಹೊಟ್ಟೆ. ಎಳೆದ್ರೆ ಹಿಗ್ಗುತ್ತೆ. ಚೀಲದ ಒಳಪದರಕ್ಕೆ ಸರಿ, ಮನುಷ್ಯನ ಸೊಂಟಕ್ಕಲ್ಲ." ಅವಳು ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಬೆನ್ನು ಯಾವುದು ಹೊಟ್ಟೆ ಯಾವುದು ಎಂದು ಹೇಳುವವರೆಗೂ ಚರ್ಮ ಕತ್ತರಿಸುವ ರಂಪಿಗೆಯನ್ನು ಅವಳ ಕೈಗೆ ಕೊಡಲಿಲ್ಲ.

ಹೊಲಿಗೆ ಅದಕ್ಕಿಂತ ಕಷ್ಟ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ. ಚುಚ್ಚುವ ಉಳಿಯಲ್ಲಿ ಮಾಡಿದ ಒಂದೊಂದು ತೂತಿನಲ್ಲೂ ಎರಡೂ ಸೂಜಿ ಎದುರುಬದುರಾಗಿ ಹಾದುಹೋಗಬೇಕು. ತೂತು ತೀರ ಹತ್ತಿರವಾದರೆ ಚರ್ಮ ಅಂಚೆಚೀಟಿಯಂತೆ ಗೆರೆಗುಂಟ ಹರಿಯುತ್ತದೆ. ಮೊದಮೊದಲು ಅವಳು, ಹೊಲಿಗೆ ಹೆಚ್ಚಿದ್ದಷ್ಟೂ ಒಳ್ಳೆಯದೆಂದು, ಇರುವೆ ಸಾಲಿನಂತೆ ಚುಚ್ಚಿಬಿಟ್ಟಿದ್ದಳು. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ಚರ್ರನೆ ಹರಿದು ಅವಳ ಮಡಿಲಿಗೆ ಹಾಕಿದರು.

"ಇದು ಹೊಲಿದದ್ದಲ್ಲಮ್ಮ, ಗೆದ್ದಲು ತಿಂದದ್ದು."

ಅಂಗಡಿಗೆ ಎರಡು ಕಟ್ಟಳೆ ಇದ್ದವು. ಹೊಲಿದು ಮುಗಿದ ಬೆಲ್ಟನ್ನು ತೊಲೆಯ ಕೊಕ್ಕೆಗೆ ಸಿಕ್ಕಿಸಿ, ಕಲ್ಲು ತುಂಬಿದ ಮೂಟೆಯನ್ನು ಅದಕ್ಕೆ ತೂಗುಹಾಕಿ ನೋಡಬೇಕು. ಸವೆದು ಬಂದ ಹಳೆಯ ಬೆಲ್ಟನ್ನು ಅಲ್ಲಿಯೇ ಎರಡು ತುಂಡು ಮಾಡಬೇಕು, ಮತ್ತೆ ಯಾರೂ ಕಟ್ಟಿಕೊಳ್ಳದ ಹಾಗೆ. ಗಿರಾಕಿ ಎಷ್ಟೇ ಗೋಗರೆದರೂ ಮಾವ ಕೇಳುತ್ತಿರಲಿಲ್ಲ.

ಮಾವನ ಕಣ್ಣಿಗೆ ಪೊರೆ ಬಂತು. ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಆಗಿ, ಕಟ್ಟು ಹಾಕಿಸಿಕೊಂಡು ಒಳಕೋಣೆಯಲ್ಲಿ ಮಲಗಿದರು. ಗಂಡನ ಬೆಲ್ಟು ಬಕಲಿನ ಮಡಿಕೆಯಲ್ಲಿ ಸವೆದದ್ದನ್ನು ಆಸ್ಪತ್ರೆಗೆ ಹೋಗುವ ಮುಂಚೆಯೇ ನೋಡಿ ತುಂಡು ಮಾಡಿಟ್ಟಿದ್ದರು. ಹೊಸದನ್ನು ಹೊಲಿಯುವ ಕೆಲಸ ಪುಕ್ಕಲಿಯ ಪಾಲಿಗೆ ಬಂತು. ಅವಳೊಬ್ಬಳೇ ಮೊದಲಿಂದ ಕೊನೆತನಕ ಮಾಡುವ ಮೊದಲನೆಯ ಬೆಲ್ಟು.

ಕತ್ತರಿಸಿದ ಪಟ್ಟಿಯನ್ನು ಹಾಸಿಗೆಯ ಹತ್ತಿರ ತೆಗೆದುಕೊಂಡು ಹೋದಳು. ಮಾವ ಕಟ್ಟಿದ ಕಣ್ಣಿನಲ್ಲೇ ಬೆರಳಾಡಿಸಿ "ಬೆನ್ನು. ಸರಿ" ಎಂದರು. ಹೊಲಿಗೆಯ ಮೇಲೆ ಉಗುರು ಎಳೆದು ನೋಡಿ "ಹೂಂ" ಎಂದರು. ಉಳಿದದ್ದು ಬಕಲ್ಲು. ದಪ್ಪ ಚರ್ಮ ಒಣಗಿದ್ದಾಗ ಬಕಲ್ಲಿಗೆ ಸುತ್ತಿಕೊಳ್ಳುವುದಿಲ್ಲ. ನೆನೆಸಿ, ಮೆತ್ತಗಾದಾಗ ಮಡಿಚಿ, ಕಟ್ಟಿ, ನೆರಳಲ್ಲಿ ಒಣಗಲು ಬಿಡಬೇಕು. ಮನುಷ್ಯನ ಭಾರವೆಲ್ಲ ಬಂದು ಕೂರುವುದು ಆ ಮಡಿಕೆಯಲ್ಲೇ.

"ಅವಸರ ಮಾಡ್ಬೇಡ. ತಾನಾಗಿ ಒಣಗಲಿ" ಎಂದರು ಮಾವ.

ಅವಸರ ಮಾಡಿದವನು ಗಂಡ. ಮರುದಿನ ಬೆಳಗ್ಗೆಯೇ ಮೈದಾನದ ಕಂಬಗಳ ಕೆಲಸ ಶುರು. ಚರ್ಮ ಇನ್ನೂ ಹಸಿ ಇದೆ ಎಂದಾಗ ಅವನು ಹೆಗಲು ಕುಣಿಸಿದ.

"ಬಿಡು, ಒಂದು ಹಗ್ಗ ಸುತ್ಕೊಂಡು ಹತ್ತುತೀನಿ."

"ಹಗ್ಗ ಬೇಡ ರೀ, ಜಾರುತ್ತೆ!"

"ಹಾಗಾದ್ರೆ ಬೆಲ್ಟು ಕೊಡು."

ಅವನು ಸುಮ್ಮನೆ ಹೇಳುವ ಪೈಕಿಯವನಲ್ಲ. ಹಗ್ಗ ಎಂದರೆ ಹಗ್ಗವೇ. ಮಧ್ಯಾಹ್ನವೆಲ್ಲ ಅವಳ ಕಣ್ಣ ಮುಂದೆ ಬಣ್ಣ ಮೆತ್ತಿದ ಕಬ್ಬಿಣದ ಮೇಲೆ ಹಗ್ಗ ಜಾರುವುದೇ ಕಾಣುತ್ತಿತ್ತು. ಮಾವನಿಗೆ ಜೊಂಪು ಹತ್ತಿತ್ತು, ಅತ್ತೆ ನೀರು ತರಲು ಹೋಗಿದ್ದರು. ಅವಳು ಬೆಲ್ಟನ್ನು ಅಡಿಗೆಮನೆಗೆ ತಂದು ಒಲೆಯ ಪಕ್ಕದ ಗೋಡೆಯ ಮೊಳೆಗೆ ತಗುಲಿಸಿದಳು. ಅದೇ ಪಟ್ಟಿಯಿಂದ ಉಳಿದ, ಅದರ ಜೊತೆಗೇ ನೆನೆಸಿದ್ದ ಚೂರೊಂದನ್ನೂ ಪಕ್ಕಕ್ಕೆ ಸಿಕ್ಕಿಸಿದಳು. ಒಲೆ ಉರಿಯುತ್ತಿತ್ತು. ಚರ್ಮದಿಂದ ಆವಿ ಎದ್ದಿತು.

ಸಂಜೆಗೆ ಬೆಲ್ಟು ಹಲಗೆಯಂತೆ ಗಟ್ಟಿಯಾಗಿತ್ತು. ಬೆರಳಲ್ಲಿ ತಟ್ಟಿದರೆ ಟಕ್ ಟಕ್ ಸದ್ದು. ಗಟ್ಟಿಯಾದದ್ದನ್ನು ಕಂಡು ಅವಳಿಗೆ ಸಮಾಧಾನವೇ ಆಯಿತು. ಎಣ್ಣೆ ಸವರಿದಳು. ಚರ್ಮ ಬಾಯಾರಿದಂತೆ ಕುಡಿಯಿತು. ಬಣ್ಣ ಕಪ್ಪಾದದ್ದು ಎಣ್ಣೆಯಿಂದಲೇ ಎಂದುಕೊಂಡಳು. ಅತ್ತೆ ಮೂಟೆ ಎತ್ತಲು ಕೈಹಾಕುತ್ತ, "ಇಷ್ಟು ಬೇಗ ಒಣಗಿತೇನೇ?" ಎಂದರು.

"ಗಾಳಿ ಚೆನ್ನಾಗಿತ್ತು ಅತ್ತೆ."

ಮೂಟೆ ತೂಗಿತು. ಬೆಲ್ಟು ಜಪ್ಪಯ್ಯ ಎನ್ನಲಿಲ್ಲ.

ಬೆಳಗ್ಗೆ ಗಂಡ ಅದನ್ನು ಹೆಗಲಿಗೆ ಹಾಕಿಕೊಂಡು ಸಿಳ್ಳೆ ಹೊಡೆಯುತ್ತ ಹೋದ. ಅತ್ತೆ ಮಾವನ ಕೈಹಿಡಿದು ಕಣ್ಣಿನ ಕಟ್ಟು ಬಿಚ್ಚಿಸಲು ಆಸ್ಪತ್ರೆಗೆ ಕರೆದುಕೊಂಡು ಹೋದರು. ಪುಕ್ಕಲಿ ಒಬ್ಬಳೇ ಅಂಗಡಿಯಲ್ಲಿ ಕೂತು, ಉಳಿದಿದ್ದ ಆ ಚೂರಿನಲ್ಲಿ ಬೆಲ್ಟಿನ ತುದಿ ಸಿಕ್ಕಿಸುವ ಸಣ್ಣ ಬಳೆ ಮಾಡೋಣವೆಂದು ಅದನ್ನು ಬಗ್ಗಿಸಿದಳು.

ಒಣಕಡ್ಡಿ ಮುರಿದಂತೆ ಅದು ಲಟಕ್ಕನೆ ಮುರಿಯಿತು.

ಅವಳು ಮುರಿದ ತುಂಡುಗಳನ್ನೇ ನೋಡಿದಳು. ಚರ್ಮ ಹರಿಯುವುದನ್ನು ನೋಡಿದ್ದಳು, ಎಳೆ ಎಳೆಯಾಗಿ ಬಿಡುವುದನ್ನು ನೋಡಿದ್ದಳು, ಮುರಿಯುವುದನ್ನು ನೋಡಿರಲಿಲ್ಲ. ಉಳಿದ ಅರ್ಧವನ್ನೂ ಬಗ್ಗಿಸಿದಳು. ಅದೂ ಮುರಿಯಿತು. ಒಳಗೆ ಸುಟ್ಟ ರೊಟ್ಟಿಯ ಅಂಚಿನ ಹಾಗೆ ಪುಡಿಪುಡಿ. ಒಲೆಯ ಕಾವು ಹಸಿ ಚರ್ಮವನ್ನು ಒಳಗಿಂದ ಬೇಯಿಸಿಬಿಟ್ಟಿತ್ತು. ನೆಟ್ಟಗೆ ಎಳೆದರೆ ಅದು ತಡೆದೀತು, ಮೂಟೆಯನ್ನೂ ತಡೆದಿತ್ತು. ಮನುಷ್ಯನ ಮೈ ಮೂಟೆಯ ಹಾಗೆ ಸುಮ್ಮನೆ ತೂಗುವುದಿಲ್ಲ, ವಾಲುತ್ತದೆ, ಹೊರಳುತ್ತದೆ. ಒಂದೊಂದು ಸಲಕ್ಕೂ ಮಡಿಕೆ ಬಗ್ಗುತ್ತದೆ.

ತುಂಡುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬೀದಿಗೆ ಓಡಿದಳು. ಚಪ್ಪಲಿ ಒಂದು ತಿರುವಿನಲ್ಲಿ ಕಳಚಿತು, ತಿರುಗಿ ನೋಡಲಿಲ್ಲ. ಹಣ್ಣಿನ ಗಾಡಿಯ ಸುತ್ತ ನಾಲ್ಕು ಜನ ಸೇರಿದ್ದರೂ ಅವಳಿಗೆ, ಅವರೆಲ್ಲ ನೆಲದ ಮೇಲೆ ಬಿದ್ದವರನ್ನು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಎಲ್ಲೋ ಆಂಬುಲೆನ್ಸಿನ ಸದ್ದು ಕೇಳಿತು. ಅದು ಮೈದಾನದ ಕಡೆಗೆ ಹೋಗುತ್ತಿದೆಯೋ ಆ ಕಡೆಯಿಂದ ಬರುತ್ತಿದೆಯೋ ತಿಳಿಯದೆ ಅವಳ ಕಾಲು ನಿಂತೇಹೋಯಿತು. ಸದ್ದು ಬೇರೆ ರಸ್ತೆಗೆ ಹೊರಳಿತು. ಮತ್ತೆ ಓಡಿದಳು.

ಮೈದಾನದ ಗೇಟಿನಿಂದಲೇ ಕಂಡ. ಕಂಬದ ಅರ್ಧಕ್ಕಿಂತ ಮೇಲೆ. ಎಡಗೈ ಕಂಬದ ಮೇಲೆ, ಬಲಗೈಯಲ್ಲಿ ಬ್ರಷ್ಷು. ಬದುಕಿದ್ದಾನೆ. ಅವಳು ಕೂಗಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು.

ಕೂಗಿದರೆ ಅವನು ವಾಲುತ್ತಾನೆ. ಎರಡೂ ಕೈ ಬಿಟ್ಟು, ಮೈಭಾರವೆಲ್ಲ ಬೆಲ್ಟಿನ ಮೇಲೆ ಹಾಕಿ, ಯಾರು ಎಂದು ನೋಡುತ್ತಾನೆ. ತನ್ನನ್ನು ಕಂಡರಂತೂ ಕೈಬೀಸದೆ ಬಿಡುವವನಲ್ಲ.

ಅವಳು ಗೋಡೆಗೆ ಅಂಟಿಕೊಂಡು, ಬಣ್ಣದ ಡ್ರಮ್ಮುಗಳ ಮರೆಯಲ್ಲಿ ಬಗ್ಗಿ ಬಗ್ಗಿ ನಡೆದಳು. ಕುಳ್ಳ ಬಣ್ಣ ಕಲಸುತ್ತಿದ್ದ. ಅವಳನ್ನು ಕಂಡದ್ದೇ ಮುಖ ಅರಳಿಸಿ, ಕತ್ತು ಎತ್ತಿ "ಅಣ್..." ಎಂದ. ಅವಳು ಹಾರಿ ಅವನ ಬಾಯಿ ಮುಚ್ಚಿದಳು. ಇಬ್ಬರೂ ಬಣ್ಣದ ಡಬ್ಬದ ಮೇಲೆ ಬಿದ್ದರು.

"ಕೂಗ್ಬೇಡ. ದಮ್ಮಯ್ಯ, ಕೂಗ್ಬೇಡ."

ಕುರ್ಚಿಯಲ್ಲಿ ಕೂತಿದ್ದ ಮೇಸ್ತ್ರಿ ಎದ್ದು ಬಂದ. "ಏನಮ್ಮ ಇದು? ಬಣ್ಣವೆಲ್ಲ ನೆಲಕ್ಕೆ! ಗಂಡ ಹೆಂಡ್ತಿ ಜಗಳ ಮನೇಲಿ ಇಟ್ಕೊಳ್ಳಿ."

ಅವಳು ಮುಷ್ಟಿ ಬಿಚ್ಚಿದಳು. "ಅವರ ಬೆಲ್ಟೂ ಇದೇ ಚರ್ಮ. ಒಲೆ ಹತ್ತಿರ ಇಟ್ಟು ಬೇಯಿಸಿಬಿಟ್ಟೆ. ಬಗ್ಗಿಸಿದ್ರೆ ಮುರಿಯುತ್ತೆ."

ಮೇಸ್ತ್ರಿ ಒಂದು ತುಂಡನ್ನು ಬೆರಳಲ್ಲಿ ಒತ್ತಿದ. ಅದು ಮುರಿಯಿತು. ಅವನು ಮೇಲೆ ನೋಡಲು ಹೋಗಿ, ನೋಡದೆ ತಲೆ ತಗ್ಗಿಸಿದ. "ಕುಳ್ಳ, ನಿನ್ನ ಬೆಲ್ಟು ಹಾಕ್ಕೋ. ಹಗ್ಗ ತಗೋ" ಎಂದ. ಅವನ ದನಿ ಪಿಸುಗುಟ್ಟುತ್ತಿತ್ತು.

"ಅಣ್ಣ ಕೇಳಿದ್ರೆ ಏನನ್ಲಿ?"

"ಏನೂ ಅನ್ಬೇಡಪ್ಪ" ಎಂದಳು ಪುಕ್ಕಲಿ. "ಮೊದ್ಲು ಹಗ್ಗ ಕಟ್ಟು. ಆಮೇಲೆ ಮಾತು."

ಕುಳ್ಳ ಹತ್ತತೊಡಗಿದ. ಕಂಬಕ್ಕೆ ಬೆಸೆದ ಒಂದೊಂದು ಮೆಟ್ಟಿಲಿಗೂ ಬೆಲ್ಟನ್ನು ಮೇಲೆ ಸರಿಸಿ, ನಿಂತು, ಮತ್ತೆ ಸರಿಸಬೇಕು. ಪುಕ್ಕಲಿ ಎರಡು ಡ್ರಮ್ಮುಗಳ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದಳು. ಕಣ್ಣು ಮುಚ್ಚಿಕೊಳ್ಳಬೇಕೆನ್ನಿಸಿತು, ಮುಚ್ಚಿದರೆ ತಾನು ನೋಡದ ಹೊತ್ತಿನಲ್ಲೇ ಆಗಿಬಿಡುತ್ತದೆ ಎನ್ನಿಸಿತು. ಮೇಲೆ ಅವನು ಬ್ರಷ್ಷನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದ. ಆ ಗಳಿಗೆ ಬೆಲ್ಟು ಬಿಗಿಯಿತು. ಬಕಲ್ಲು ಅವಳಿಗೆ ಕಾಣುವಷ್ಟು ಹತ್ತಿರವಿರಲಿಲ್ಲ, ಆದರೂ ಕಂಡಿತು. ತನ್ನ ಕೈಯಾರೆ ಮಡಿಚಿದ ಮಡಿಕೆ, ತಾನು ಎಳೆದ ದಾರ, ಎಲ್ಲ ಕಂಡಿತು. ಹೊಲಿಗೆಯಲ್ಲಿ ಒಂದು ಐಬೂ ಇರಲಿಲ್ಲ.

ಕುಳ್ಳ ತನ್ನ ಕಾಲ ಕೆಳಗೆ ಬಂದಾಗ ಗಂಡ ಕತ್ತು ತಿರುಗಿಸಿದ. ಅವನ ನಗು ಕೆಳಗಿನವರೆಗೂ ಕೇಳಿತು. ಮಾತು ಕೇಳಲಿಲ್ಲ. ಕೈ ಕಂಬದಿಂದ ಎದ್ದಿತು. ಹಿಂದಕ್ಕೆ, ಸ್ವಲ್ಪವೇ ಹಿಂದಕ್ಕೆ, ಬೆನ್ನು ವಾಲಿತು. ಮೇಸ್ತ್ರಿ "ಅಯ್ಯೋ" ಎಂದ. ಕುಳ್ಳ ಒಂದೇ ನೆಗೆತಕ್ಕೆ ಎರಡು ಮೆಟ್ಟಿಲು ಹತ್ತಿ, ಅವನನ್ನೂ ಕಂಬವನ್ನೂ ಸೇರಿಸಿ ತಬ್ಬಿಕೊಂಡ. ಕೆಳಗಿನಿಂದ ನೋಡಿದರೆ ಒಂದೇ ಮನುಷ್ಯನಂತೆ ಕಾಣುತ್ತಿತ್ತು. ಆ ಒಂದೇ ಮನುಷ್ಯ ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಕುಳ್ಳ ಹಗ್ಗ ಸುತ್ತಿದ. ಬ್ರಷ್ಷು ಕೆಳಗೆ ಬಿದ್ದು ಹುಲ್ಲಿಗೆ ಬಣ್ಣ ಎರಚಿತು.

ಇಳಿದು ಬಂದ ಗಂಡನಿಗೆ ಸಿಟ್ಟು ನೆತ್ತಿಗೇರಿತ್ತು. "ಏನೋ ಕುಳ್ಳ, ನನ್ನನ್ನೇನು ಬಸುರಿ ಹೆಂಗಸಿನ ಹಾಗೆ ಹಿಡ್ಕೊಂಡು ಇಳಿಸ್ತೀಯಾ?" ಆಮೇಲೆ ಬಣ್ಣ ಮೆತ್ತಿಕೊಂಡು ಬರಿಗಾಲಲ್ಲಿ ನಿಂತಿದ್ದ ಹೆಂಡತಿಯನ್ನು ಕಂಡ. "ಏನೇ? ಅಪ್ಪನಿಗೇನಾದ್ರೂ ಆಯ್ತಾ?"

ಅವಳು ಅವನ ಸೊಂಟದಿಂದ ಬೆಲ್ಟು ಬಿಚ್ಚಿ, ಮಡಿಕೆಯನ್ನು ಮೊಣಕಾಲಿಗೆ ಆನಿಸಿ ಒತ್ತಿದಳು. ಏನೂ ಆಗಲಿಲ್ಲ.

"ಚೆನ್ನಾಗೇ ಇದೆಯಲ್ಲಮ್ಮ" ಎಂದ ಮೇಸ್ತ್ರಿ.

ಅವಳು ತಿರುಗಿಸಿ ಆಚೆ ಕಡೆಗೆ ಬಗ್ಗಿಸಿದಳು. ಮಡಿಕೆ ಈ ಅಂಚಿನಿಂದ ಆ ಅಂಚಿಗೆ ಬಾಯಿಬಿಟ್ಟಿತು. ಅವಳ ಹೆಬ್ಬೆರಳು ಬಿರುಕಿನೊಳಗೆ ಹೋಯಿತು.

ಗಂಡ ನೋಡಿದ. ಸಿಟ್ಟು ಮುಖದಲ್ಲೇ ಉಳಿದಿತ್ತು, ಅದರ ಹಿಂದಿನ ರಕ್ತ ಇಳಿದುಹೋಯಿತು. ನೆಲದ ಮೇಲೆ ಕೂತ. "ಬೆಳಗ್ಗೆ ಆ ಗಿಳಿ ಹಿಂಡು ನೋಡಕ್ಕೆ ಪೂರ್ತಿ ವಾಲಿದ್ದೆ ಕಣೋ" ಎಂದ ಕುಳ್ಳನಿಗೆ.

ಮನೆಗೆ ಬಂದಾಗ ಮಾವನ ಕಣ್ಣು ತೆರೆದಿತ್ತು. ಹೊಸ ಕಣ್ಣಿನಿಂದ ಅವರು ಮೊದಲು ನೋಡಿದ ಚರ್ಮದ ಕೆಲಸ ಅದು. ಬಿರುಕನ್ನು ನೋಡಿ, ಮೂಸಿ, "ಒಲೆಯಾ?" ಎಂದರು.

"ಹೌದು ಮಾವ. ಇವರು ಹಗ್ಗದಲ್ಲಿ ಹತ್ತುತೀನಿ ಅಂದ್ರು. ಹೆದರಿಬಿಟ್ಟೆ."

ಅವರು ಬೈಯಲಿಲ್ಲ. ರಂಪಿಗೆಯನ್ನು ಅವಳ ಕೈಗೆ ಕೊಟ್ಟು ಬೆಲ್ಟನ್ನು ಮುಂದಿಟ್ಟರು. ಅವಳೇ ಅದನ್ನು ಎರಡು ತುಂಡು ಮಾಡಿದಳು.

"ಇನ್ನು ಹೊಸದು ಕತ್ತರಿಸು."

"ನನ್ನ ಕೈಲಾಗಲ್ಲ ಮಾವ. ನೀವು ಹೊಲೀರಿ."

"ನನಗಿನ್ನೂ ಸೂಜಿ ಎರಡೆರಡಾಗಿ ಕಾಣ್ತಿದೆ. ಎರಡು ಸೂಜಿ ಹಿಡಿದ್ರೆ ನಾಲ್ಕಾಗುತ್ತೆ. ಅದರಲ್ಲಿ ಹೊಲಿದದ್ದನ್ನ ನಿನ್ನ ಗಂಡನಿಗೆ ಕಟ್ತೀಯಾ?"

ಅವಳು ಕತ್ತರಿಸಿದಳು. ಹೊಲಿದಳು. ನೆನೆಸಿ, ಮಡಿಚಿ, ಒಳಕೋಣೆಯ ನೆರಳಿನಲ್ಲಿ ತೂಗುಹಾಕಿದಳು. ಒಣಗಿದೆಯೋ ಇಲ್ಲವೋ ನೋಡುವ ಬಗೆಯನ್ನು ಮಾವ ಆಗ ಹೇಳಿಕೊಟ್ಟರು. ಮಡಿಕೆಯನ್ನು ಕೆನ್ನೆಗೆ ಆನಿಸಬೇಕು. ಒಳಗೆ ನೀರಿದ್ದರೆ ತಣ್ಣಗೆ ತಾಗುತ್ತದೆ. ಬೆರಳಿಗೆ ಸುಳ್ಳು ಹೇಳುವ ಚರ್ಮ ಕೆನ್ನೆಗೆ ಹೇಳುವುದಿಲ್ಲ.

ಗಂಡ ಮನೆಯಲ್ಲೇ ಕೂತ. ಸಿಳ್ಳೆ ನಿಂತಿತ್ತು. ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗೆಂದರೆ "ಬಿಸಿಲು" ಎನ್ನುತ್ತಿದ್ದ. ಒಂದೇ ಮನೆಯಲ್ಲಿ ಇಬ್ಬರು ಪುಕ್ಕಲರಾದರು. ಅವಳಿಗೆ ಅದರಲ್ಲೊಂದು ಸುಖವೂ ಇತ್ತು, ಸುಳ್ಳೇಕೆ. ಅವನ ಕಾಲು ನೆಲದ ಮೇಲಿತ್ತು.

ಮೇಸ್ತ್ರಿ ಹೇಳಿ ಕಳಿಸಿದ, ಬರದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದು. ಆ ದಿನ ಅವಳು ಬೆಲ್ಟನ್ನು ಕೆನ್ನೆಗೆ ಆನಿಸಿದಾಗ ಅದು ತಣ್ಣಗಿರಲಿಲ್ಲ.

"ಆಯ್ತಾ?" ಎಂದ ಗಂಡ, ಬಾಗಿಲಲ್ಲಿ ನಿಂತು.

"ಇಲ್ಲ ರೀ. ಇನ್ನೂ ತಣ್ಣಗಿದೆ."

"ಸರಿ ಬಿಡು ಹಾಗಾದ್ರೆ." ಅಷ್ಟು ಬೇಗ ಅವನು ಯಾವ ಮಾತನ್ನೂ ಒಪ್ಪಿದವನಲ್ಲ.

ಮಾವನೂ ಬಂದು ಕೆನ್ನೆಗೆ ಆನಿಸಿದರು. ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. "ಹೂಂ. ಇನ್ನೂ ಕೊಂಚ ಇದೆ" ಎಂದರು.

ಮರುದಿನವೂ ಅದೇ ಮಾತು. ಕೊನೆಗೆ ಅತ್ತೆ ಮೇಣದ ಕೈ ಒರೆಸಿಕೊಂಡು ಎದ್ದು, ಬೆಲ್ಟನ್ನು ಕಿತ್ತು ತಮ್ಮ ಕೆನ್ನೆಗೆ ಒತ್ತಿಕೊಂಡರು. "ನಿಮ್ಮ ಕೆನ್ನೆಗಳಿಗೆ ಏನು ಬಂದಿದೆ? ಒಣಗಿ ಯಾವ ಕಾಲವಾಯ್ತು!"

ಗಂಡ ಅಮ್ಮನ ಕಡೆ ತಿರುಗಲೇ ಇಲ್ಲ.

"ನೀನು ಹೇಳೇ" ಎಂದ ಹೆಂಡತಿಗೆ. "ಹೊಲಿದವಳು ನೀನು. ಒಣಗಿದೆಯಾ?"

ಇಲ್ಲ ಎಂದರೆ ಅವನು ನಂಬುತ್ತಿದ್ದ. ನಂಬಿ, ಕಂಬ ಬಿಟ್ಟು, ಇನ್ನೇನನ್ನೋ ಹಿಡಿಯುತ್ತಿದ್ದ. ಅವಳ ನಾಲಿಗೆಯ ತುದಿಗೆ ಆ ಮಾತು ಬಂದಿತ್ತು. ಆದರೆ ಗಾಳಿ ಚೆನ್ನಾಗಿತ್ತು ಎಂದು ಇದೇ ಬಾಯಲ್ಲಿ ಒಂದು ಸಲ ಹೇಳಿ ಆಗಿತ್ತು.

"ಒಣಗಿದೆ ರೀ. ನಿನ್ನೆನೇ ಒಣಗಿತ್ತು."

ಮಡಿಕೆಯನ್ನು ಅವನ ಕಣ್ಣೆದುರು ಈಚೆಗೆ ಬಗ್ಗಿಸಿದಳು, ಆಚೆಗೆ ಬಗ್ಗಿಸಿದಳು. ಅತ್ತೆ ಮೂಟೆ ಎಳೆದುಕೊಂಡು ಬಂದರು. "ಮೂಟೆ ಬೇಡ ಅತ್ತೆ" ಎಂದು, ಬೆಲ್ಟನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು, ಗೋಡೆ ಹಿಡಿದು ಸ್ಟೂಲಿನ ಮೇಲೆ ಹತ್ತಿದಳು. ತೊಲೆಯ ಕೊಕ್ಕೆಗೆ ಪಟ್ಟಿ ಸಿಕ್ಕಿಸಿದಳು. ಉಸಿರು ಬಿಗಿಹಿಡಿದು ಸ್ಟೂಲನ್ನು ಒದ್ದಳು.

"ಇಳಿಸ್ರೀ! ಸಾಕು, ಇಳಿಸ್ರೀ!" ಎಂದು ಕಿರುಚುತ್ತ, ಕೈಕಾಲು ಬಡಿಯುತ್ತ, ಹೊರಳುತ್ತ ತೂಗಾಡಿದಳು. ಮಾವ ಯಾರನ್ನೂ ಹತ್ತಿರ ಬಿಡಲಿಲ್ಲ. "ಇರು, ಇನ್ನೂ ಸ್ವಲ್ಪ ಹೊರಳು" ಎಂದರು.

ಗಂಡ ಅವಳನ್ನು ಎತ್ತಿ ಇಳಿಸಿ, ಬೆಲ್ಟು ಬಿಚ್ಚಿ ತನ್ನ ಸೊಂಟಕ್ಕೆ ಹಾಕಿಕೊಂಡ. ಬಕಲ್ಲು ಸಿಕ್ಕಿಸಿ, ಎರಡು ಸಲ ಎಳೆದು ನೋಡಿದ. ಬಾಗಿಲು ದಾಟುವಾಗ ಹೋಗಿಬರುತ್ತೇನೆ ಎನ್ನಲಿಲ್ಲ.

ಅವಳು ನೋಡಲು ಹೋಗಲಿಲ್ಲ. ಅಂಗಡಿಯಲ್ಲಿ ಕೂತಳು. ಮಾವ ಚರ್ಮ ಹಾಸಿ, ದೂರದ ಊರಿನ ಯಾರೋ ಕಂಬ ಹತ್ತುವವನು ಬೆಲ್ಟು ಹೇಳಿ ಹೋಗಿದ್ದಾನೆ ಎಂದರು. ಅವಳು ಅವನ ಮುಖವನ್ನೂ ಕಂಡವಳಲ್ಲ. ಬೆನ್ನಿನ ಭಾಗವನ್ನು ಬೆರಳಲ್ಲಿ ಹುಡುಕಿದಳು. ಹೊರಗೆ ಯಾರದೋ ಓಡುವ ಹೆಜ್ಜೆ ಕೇಳಿ ರಂಪಿಗೆಯನ್ನು ಕೆಳಗಿಟ್ಟಳು. ಹೆಜ್ಜೆ ಮುಂದಕ್ಕೆ ಹೋಯಿತು. ಮತ್ತೆ ಕೈಗೆತ್ತಿಕೊಂಡಳು. ಸಂಜೆಯವರೆಗೂ ಹೀಗೇ ಇಟ್ಟಳು, ಎತ್ತಿಕೊಂಡಳು, ಇಟ್ಟಳು. ಗಂಡ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿದಾಗ ಅವಳು ಆ ಇನ್ನೊಬ್ಬನ ಪಟ್ಟಿಯನ್ನು ಅರ್ಧ ಮಾತ್ರ ಕತ್ತರಿಸಿದ್ದಳು.